ತುಟಿ ಅಲುಗಿದಷ್ಟು ಹೊತ್ತು

ಸತ್ತ ಮೊಮ್ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ನಕ್ಕಿದ್ದೆ. ಹೆ ಹೆ ಹೆ ಎಂದು, ಬಾಯಿ ತುಂಬ. ಹಾಗೆ ನಕ್ಕಿದ್ದೇನೆ ಎಂಬುದು ನನಗೇ ಗೊತ್ತಾದದ್ದು ನಾಲ್ಕು ದಿನ ಕಳೆದ ಮೇಲೆ.

ಗಾಬರಿಯಾಗಬೇಡಿ ಮಕ್ಕಳೇ, ಆ ಮೊಮ್ಮಗ ನಮ್ಮ ಮನೆಯವನಲ್ಲ. ಭಾನುವಾರ ಭಾನುವಾರ ನರಸೀಪುರದ ನಿಮ್ಮ ಮನೆಯ ಟೀವಿಯಲ್ಲಿ ನೀವಿಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತೀರಲ್ಲ, ಊರೂರು ಸುತ್ತಿ ಗಂಟೆ ಎರಕ ಹೊಯ್ಯುವವರ ಕತೆ, ಅದರಲ್ಲಿ ಕುಲುಮೆಗೆ ಗಾಳಿ ಊದಲು ತಿದಿ ಒತ್ತುವ ಹುಡುಗ. ಅವನ ಅಜ್ಜಿಗೆ ಕನ್ನಡದಲ್ಲಿ ಮಾತು ಕೊಡುವವಳು ನಾನು. ಅದನ್ನು ಕಾರ್ಟೂನ್ ಅನ್ನಬಾರದು, ಅನಿಮೆ ಅನ್ನಬೇಕು ಎಂದು ದೊಡ್ಡವಳು ನನ್ನನ್ನು ಎಷ್ಟೋ ಸಲ ತಿದ್ದಿದ್ದಾಳೆ. ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ದೊಡ್ಡವರಾದ ಮೇಲೆ ಓದುವಾಗ ಮರೆತಿರಬಹುದು. ಬಾಯಿಬಿಟ್ಟು ಹೇಳೋಣವೆಂದರೆ ನನ್ನಿಂದ ಆಗುವುದಿಲ್ಲ. ನಾಲ್ಕು ಮುಖ ನನ್ನ ಕಡೆ ತಿರುಗಿದರೆ ಗಂಟಲು ಕಟ್ಟಿಕೊಳ್ಳುತ್ತದೆ. ಮೈಕಿನ ಮುಂದೆ ಮಾತ್ರ ಆ ತೊಂದರೆ ಇಲ್ಲ, ಮೈಕಿಗೆ ಮುಖವಿಲ್ಲ.

ನಂಜನಗೂಡಿನಲ್ಲಿ ರೈಲು ಹಳಿಯ ಹತ್ತಿರ, ಗೊಬ್ಬರ-ಬೀಜದ ಅಂಗಡಿಯ ಮಹಡಿ ಮೇಲೆ ನಮ್ಮ ಸ್ಟುಡಿಯೊ. ನಮ್ಮೂರು ಹದಿನಾರಿನಿಂದ ಬೆಳಗಿನ ಬಸ್ಸು ಹಿಡಿದರೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿರುತ್ತೇನೆ. ಸ್ಟುಡಿಯೊ ಎಂದರೆ ಎರಡು ಕೋಣೆ. ಒಂದರ ಗೋಡೆಗೆಲ್ಲ ಸ್ಪಂಜು ಮೆತ್ತಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ನಡುವೆ ಮೈಕು ನಿಲ್ಲಿಸಿದ್ದಾರೆ. ಗಾಜಿನ ಆಚೆಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ರೆಕಾರ್ಡಿಂಗ್ ಮಾಡುವ ಹೆಣ್ಣುಮಗಳು, ಪಕ್ಕದಲ್ಲಿ ನಮ್ಮ ನಿರ್ದೇಶಕರು. ಇನ್ನೊಂದು ಕುರ್ಚಿಯಲ್ಲಿ ಹೆಡತಲೆ ಊರಿನ ನಿವೃತ್ತ ಕನ್ನಡ ಮೇಷ್ಟ್ರು. ಇಂಗ್ಲಿಷಿನಲ್ಲಿ ಬರುವ ಮಾತುಗಳನ್ನು ಕನ್ನಡಕ್ಕೆ ಬರೆಯುವವರು ಅವರೇ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಕತೆ ಹೇಳುವುದನ್ನು ಕಿಟಕಿಯ ಆಚೆ ನಿಂತು ಕೇಳಿ, ಇಲ್ಲಿಗೆ ಕರೆತಂದವರೂ ಅವರೇ.

ಚಾಮರಾಜನಗರದ ರೈಲು ಬಂದರೆ ಅದು ದಾಟುವವರೆಗೆ ಎಲ್ಲರೂ ಸುಮ್ಮನೆ ಕೂರಬೇಕು. ಫ್ಯಾನು ಹಾಕುವಂತಿಲ್ಲ. ಗಂಜಿ ಹಾಕಿದ ಸೀರೆ ಉಟ್ಟು ಬರುವಂತಿಲ್ಲ, ಸರಬರ ಎನ್ನುತ್ತದೆ. ಬೇರೆ ಹೆಂಗಸರು ಬಂದರೆ ನಿರ್ದೇಶಕರು ಮೊದಲು ಬಳೆ ಬಿಚ್ಚಿಡಲು ಹೇಳುತ್ತಾರೆ. ನನಗೆ ಆ ಮಾತು ಹೇಳಬೇಕಾಗಿ ಬರಲಿಲ್ಲ.

ಕೆಲಸ ಹೀಗೆ. ಪರದೆಯ ಮೇಲೆ ಅಜ್ಜಿಯ ಬಾಯಿ ತೆರೆದಾಗ ನಾನು ಶುರುಮಾಡಬೇಕು, ಮುಚ್ಚಿದಾಗ ನಿಲ್ಲಿಸಬೇಕು. ಜಪಾನಿನವರ ಮಾತು ಉದ್ದ, ನಮ್ಮ ಮಾತು ಗಿಡ್ಡ. ನನ್ನದು ಮುಗಿದರೂ ಅಜ್ಜಿಯ ತುಟಿ ಇನ್ನೂ ಆಡುತ್ತಿರುತ್ತದೆ. ಆ ಉಳಿದ ಬಾಯಿಯನ್ನು ಏನಾದರೂ ಹಾಕಿ ತುಂಬಿಸಬೇಕು. ಖಾಲಿ ಬಿಟ್ಟರೆ ಚಾನೆಲ್ಲಿನ ತಪಾಸಣೆಯವರು ವಾಪಸು ಕಳಿಸುತ್ತಾರೆ. ಮೊದಲ ದಿನವೇ ನಿರ್ದೇಶಕರು, "ಅಮ್ಮ, ಬಾಯಿ ಇನ್ನೂ ಆಡ್ತಾ ಇದೆ, ಏನಾದ್ರೂ ಹಾಕಿ, ಏನಾದ್ರೂ!" ಎಂದು ಕೂಗಿದರು. ನನಗೆ ಹೆದರಿಕೆಗೆ ಹೆ ಹೆ ಹೆ ಎಂದು ನಗು ಬಂತು. ಗಾಜಿನ ಆಚೆ ಮೂವರೂ ಗೊಳ್ಳೆಂದರು. "ಅದೇ ಇರ್ಲಿ, ಅದೇ ಇರ್ಲಿ" ಎಂದರು ನಿರ್ದೇಶಕರು. ಅವತ್ತಿನಿಂದ ಅದೇ ಆಯಿತು. ಮುನ್ನೂರು ಚಿಲ್ಲರೆ ಕಂತು, ಉಳಿದ ಬಾಯಿಗೆಲ್ಲ ನನ್ನ ನಗು.

ಮೇಷ್ಟ್ರೂ ಅದಕ್ಕೆ ತಕ್ಕಂತೆ ಬರೆದರು. ಅಲ್ಲಿಯ ಅಜ್ಜಿ ಬರೀ "ಊಟ ಮಾಡು" ಎಂದರೆ ನಮ್ಮ ಅಜ್ಜಿ "ಉಣ್ಲಾ, ಉಣ್ಣದೆ ನಿನ್ ಮೊಕ ನಮ್ಮೂರ್ ಕೆರೆ ಆಗದೆ, ಬತ್ತೋಗದೆ" ಎನ್ನುತ್ತಿದ್ದಳು. ಅಜ್ಜಿ ಬಂದ ಕಡೆಯೆಲ್ಲ ಒಂದು ನಗೆ ಇರಲೇಬೇಕು ಎಂಬುದು ನಿರ್ದೇಶಕರ ನಿಯಮ. ಜನ ಅಜ್ಜಿಯ ದನಿ ಕೇಳಿದೊಡನೆ ನಗುವುದನ್ನು ಕಲಿತರು. ನೀವೂ ಕಲಿತಿರಿ. ಚಿಕ್ಕವಳಂತೂ ಅಜ್ಜಿ ಬಾಯಿ ತೆರೆಯುವ ಮೊದಲೇ ನಗುತ್ತಿದ್ದಳು.

ಇನ್ನೊಂದು ಸಂಗತಿ ಹೇಳದಿದ್ದರೆ ನನ್ನ ತಪ್ಪು ಅರ್ಥವಾಗುವುದಿಲ್ಲ. ಈಚೆಗೆ ಕಂತುಗಳು ಜಪಾನಿನಲ್ಲಿ ಬಂದ ವಾರದಲ್ಲೇ ಇಲ್ಲೂ ಬರಬೇಕಾಗಿತ್ತು. ಕತೆ ಮೊದಲೇ ಹೊರಗೆ ಬೀಳಬಾರದೆಂದು ನಮಗೆ ಚಿತ್ರವನ್ನು ಮುಚ್ಚಿ ಕಳಿಸುತ್ತಿದ್ದರು. ಪರದೆಯೆಲ್ಲ ಕಪ್ಪು, ನಡುವೆ ಒಂದು ಸುತ್ತು, ಅದರೊಳಗೆ ಮಾತಾಡುವವರ ಬಾಯಿ ಮಾತ್ರ. ಬರಹದಲ್ಲೂ ಆಯಾ ಪಾತ್ರದ ಮಾತಷ್ಟೇ. ತೆರೆದ ಚಿತ್ರ ಬರುತ್ತಿದ್ದದ್ದು ಕಳಿಸುವ ದಿನ ಬೆಳಿಗ್ಗೆ. ಕಿವಿಯಲ್ಲಿ ಜಪಾನಿ ಅಜ್ಜಿಯ ದನಿ ಬಿಡುತ್ತಾರೆ, ಅದನ್ನು ಹಿಡಿದುಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಆದರೆ ಗೊತ್ತಿಲ್ಲದ ಭಾಷೆ ಕಿವಿಯಲ್ಲಿ ಗುಯ್ ಎನ್ನುತ್ತಿದ್ದರೆ ನನ್ನ ಮಾತು ನನಗೇ ಮರೆತುಹೋಗುತ್ತಿತ್ತು. "ಅದ ಆಪ್ ಮಾಡ್ಬುಡವ್ವ" ಎಂದು ರೆಕಾರ್ಡಿಂಗ್ ಹೆಣ್ಣುಮಗಳಿಗೆ ನಾನೇ ಹೇಳಿದ್ದೆ. ಅವಳು ಪಾಪ, ಮೊದಲ ತಿಂಗಳಿಂದಲೇ ಅದನ್ನು ನಿಲ್ಲಿಸಿಬಿಟ್ಟಿದ್ದಳು.

ಆ ಶುಕ್ರವಾರ ಬಂದದ್ದು ಮೂರೇ ಸಾಲು. ಎದ್ದೇಳು, ಹೊತ್ತಾಯಿತು, ಅನ್ನ ಆರುತ್ತದೆ, ಅಷ್ಟೇ. ಮೇಷ್ಟ್ರು ಪೆನ್ನು ಕಚ್ಚಿಕೊಂಡು, "ಇದ್ರಲ್ಲಿ ಏನೂ ಇಲ್ವಲ್ಲಮ್ಮ, ಚಪ್ಪೆ. ಸ್ವಲ್ಪ ಉಪ್ಪು-ಖಾರ ಹಾಕೋಣ" ಎಂದು, ಅನ್ನದ ಜಾಗಕ್ಕೆ ನಮ್ಮ ರಾಗಿ ಹಿಟ್ಟು ಹಾಕಿ ಬರೆದುಕೊಟ್ಟರು. ನಾನು ಸುತ್ತಿನೊಳಗಿನ ಬಾಯಿ ನೋಡುತ್ತ ಹೇಳಿದೆ:

"ಎದ್ದೇಳ್ಲಾ ಸೋಂಬೇರಿ. ಒತ್ತು ನೆತ್ತಿಗ್ ಬಂತು, ಇನ್ನೂ ಬಿದ್ದಿದ್ದೀಯ. ಇಟ್ಟು ಆರೋದ್ರೆ ಎಮ್ಮೆಗ್ ಆಕ್ಬುಡ್ತೀನಿ!"

ಮಾತು ಮುಗಿಯಿತು. ತುಟಿ ಇನ್ನೂ ಅಲುಗುತ್ತಿತ್ತು, ಸಣ್ಣಗೆ, ಬೇಗ ಬೇಗ. ಮುದುಕಿ ನಗು ತಡೆದುಕೊಂಡಿದ್ದಾಳೆ ಅಂದುಕೊಂಡೆ. ತುಟಿ ಅಲುಗಿದಷ್ಟು ಹೊತ್ತೂ ನಕ್ಕೆ. "ಒಂದೇ ಟೇಕು ಅಮ್ಮ, ಸೂಪರ್" ಎಂದರು ನಿರ್ದೇಶಕರು. ನಾನು ಹನ್ನೆರಡರ ಬಸ್ಸಿಗೆ ಊರಿಗೆ ಬಂದೆ.

ಮಂಗಳವಾರ ಬೇರೊಂದು ಸಣ್ಣ ತಿದ್ದುಪಡಿಗೆ ಕರೆದಿದ್ದರು. ತೆರೆದ ಚಿತ್ರ ಆಗತಾನೆ ಬಂದಿತ್ತು. ನಿರ್ದೇಶಕರು, "ಬನ್ನಿ ಅಮ್ಮ, ನಿಮ್ಮ ಎಮ್ಮೆ ಡೈಲಾಗ್ ನೋಡೋಣ" ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ನಾನು ಸಂಕೋಚಪಟ್ಟು ಅಂಚಿನಲ್ಲಿ ಕೂತೆ.

ಹಿಮ ಬೀಳುತ್ತಿತ್ತು. ಎರಕದ ಕುಲುಮೆ ಆರಿತ್ತು. ಕುಲುಮೆಯ ಪಕ್ಕ ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಹುಡುಗನ ತಲೆ ಅವಳ ತೊಡೆಯ ಮೇಲೆ. ಅವನ ಒಂದು ಕೈ ಇನ್ನೂ ತಿದಿಯ ಹಗ್ಗ ಹಿಡಿದಿತ್ತು. ಅವನ ಕಣ್ಣ ರೆಪ್ಪೆಯ ಮೇಲೆ ಹಿಮ ಕೂತು ಕರಗದೆ ಹಾಗೇ ಇತ್ತು. ಉಳಿದವರೆಲ್ಲ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಸತ್ತ ಎಂಬ ಮಾತನ್ನು ಯಾರೂ ಆಡಲಿಲ್ಲ. ಆ ಮೌನದಲ್ಲಿ ನನ್ನ ದನಿ, ಜೋರಾಗಿ, "ಇಟ್ಟು ಆರೋದ್ರೆ ಎಮ್ಮೆಗ್ ಆಕ್ಬುಡ್ತೀನಿ!" ಆಮೇಲೆ ಅಜ್ಜಿಯ ಮುಖ ಪರದೆ ತುಂಬ ಬಂತು. ಅವಳ ತುಟಿ ನಡುಗುತ್ತಿತ್ತು. ಆ ನಡುಕದಿಂದ ನನ್ನ ನಗು ಹೊರಗೆ ಬರುತ್ತಿತ್ತು.

"ನಿಲ್ಸವ್ವ, ನಿಲ್ಸು!" ಎಂದು ಕೂಗಿದವಳು ನಾನೇ. ಆ ಕೋಣೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ರೆಕಾರ್ಡಿಂಗ್ ಹೆಣ್ಣುಮಗಳು ಕಿವಿಯಿಂದ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟಳು. ಬೊಂಬೆಯ ಚಿತ್ರ, ಬಣ್ಣದ ಗೆರೆ ಅಷ್ಟೇ ಎಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ಮುನ್ನೂರು ಕಂತು ಅವನನ್ನು ಎಬ್ಬಿಸಿ, ಬೈದು, ಉಣ್ಣಿಸಿದವಳು ನಾನಲ್ಲವೇ.

ಮೇಷ್ಟ್ರು ತಮ್ಮ ಹಳೆಯ ಹಾಳೆಗಳ ಕಟ್ಟು ಬಿಚ್ಚಿದರು. ಒಂದೊಂದೇ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. ನಾಲ್ಕು ಕಂತಿನ ಹಿಂದೆ ಹುಡುಗ ಕೆಮ್ಮಿದ್ದ. ಅಲ್ಲಿಯ ಅಜ್ಜಿ, ಇನ್ನೂ ಕೆಮ್ಮು ಹೋಗಲಿಲ್ಲವೇ ಎಂದಿದ್ದಳು. ಮೇಷ್ಟ್ರು ಬರೆದದ್ದು, ನಾನು ಹೇಳಿದ್ದು: "ಯಾಕ್ಲಾ, ಒಗ್ಗರಣೆಗ್ ಮೂಗ್ ಇಟ್ಟಿದ್ಯಾ?" ಅದರ ಮುಂದಿನ ಕಂತಿನಲ್ಲೂ ಕೆಮ್ಮು, ಅಲ್ಲೂ ಒಂದು ನಗೆಮಾತು. ಮತ್ತೊಂದರಲ್ಲೂ. ಕತೆ ಬರೆದವರು ಒಂದೊಂದೇ ಹೆಜ್ಜೆ ಇಟ್ಟು ಆ ಮಗುವನ್ನು ಸಾವಿನ ಕಡೆ ನಡೆಸಿಕೊಂಡು ಹೋಗಿದ್ದರು. ನಾವು ಪ್ರತಿ ಹೆಜ್ಜೆಗೂ ಕಚಗುಳಿ ಇಟ್ಟಿದ್ದೆವು.

"ಮೂವತ್ತೈದು ವರ್ಷ ಪಾಠ ಮಾಡಿದೀನಮ್ಮ" ಎಂದರು ಮೇಷ್ಟ್ರು. "ಪದ್ಯ ಓದೋ ಮೊದ್ಲು ಭಾವ ನೋಡ್ರೋ ಅಂತ ಹುಡುಗ್ರಿಗೆ ಹೊಡೆದಿದೀನಿ. ನಾನೇ ನೋಡ್ಲಿಲ್ಲ."

ಆ ಕಂತುಗಳೆಲ್ಲ ಆಗಲೇ ಪ್ರಸಾರವಾಗಿದ್ದವು, ಅವನ್ನು ತಿದ್ದುವಂತಿರಲಿಲ್ಲ. ತಿದ್ದಬಹುದಾದದ್ದು ಇದೊಂದೇ, ಅದೂ ಸಂಜೆ ಐದಕ್ಕೆ ಕಳಿಸುವ ಮೊದಲು. ನಿರ್ದೇಶಕರು ಮುಖ ಒರೆಸಿಕೊಂಡು, "ಸರಿ, ಎಮ್ಮೆ ತೆಗೀರಿ, ನಗು ತೆಗೀರಿ. ಅಮ್ಮ, ಅತ್ಕೊಂಡು ಹೇಳಿ" ಎಂದರು.

ಅತ್ತೆ. ಮೊದಲನೆಯದು ಊರಿನ ನಾಟಕದಲ್ಲಿ ಅತ್ತ ಹಾಗೆ ಬಂತು, ನನಗೇ ನಾಚಿಕೆಯಾಯಿತು. ಎರಡನೆಯದರಲ್ಲಿ ದನಿ ತೆಳ್ಳಗಾಗಿ ಅಜ್ಜಿ ಮಾಯವಾಗಿ ಯಾರೋ ಹುಡುಗಿ ಅತ್ತ ಹಾಗಿತ್ತು. ಮೂರನೆಯ ಸಲ ಕಣ್ಣೀರು ನಿಜವಾಗಿಯೇ ಬಂತು, ಮೂಗು ಕಟ್ಟಿತು, ಒಂದು ಪದವೂ ಬಿಡಿಸಿ ಕೇಳಿಸಲಿಲ್ಲ. ನಿರ್ದೇಶಕರು ಕೋಣೆಯೊಳಗೆ ಬಂದು ನೀರು ಕೊಟ್ಟರು.

"ಬೇಜಾರ್ ಮಾಡ್ಕೋಬೇಡಿ ಅಮ್ಮ. ನಿಮ್ಮ ಅಳು ನಿಜ, ಆದ್ರೆ ಅದು ನಿಮ್ಮದು, ಅಜ್ಜಿದಲ್ಲ. ಮೈಸೂರಲ್ಲಿ ಒಬ್ರು ನಾಟಕದವರಿದ್ದಾರೆ, ಮಧ್ಯಾಹ್ನಕ್ಕೆ ಬರ್ತಾರೆ. ಈ ಒಂದು ಸೀನು ಅವರ ಹತ್ರ ಮಾಡಿಸ್ತೀನಿ. ಮುಂದಿನ ಕಂತಿಂದ ಮತ್ತೆ ನೀವೇ."

ಆಗಲಿ ಸಾ ಎಂದೆ. ಆಗಲಿ ಎನ್ನುವುದು ನನಗೆ ಚೆನ್ನಾಗಿ ಬರುವ ಮಾತು.

ಹೊರಗೆ ಮೆಟ್ಟಿಲ ಮೇಲೆ ಕೂತೆ. ಕೆಳಗೆ ಗೊಬ್ಬರದ ಮೂಟೆ ಇಳಿಸುತ್ತಿದ್ದರು. ಬೇರೆಯವರು ಬಂದು ಚೆನ್ನಾಗಿಯೇ ಅಳಬಹುದು, ಆ ಬಗ್ಗೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಆದರೆ ನಕ್ಕವಳು ನಾನು. ಅವನನ್ನು ಎಬ್ಬಿಸುವ ಕೊನೆಯ ಮಾತನ್ನು ಇನ್ನೊಬ್ಬರು ಆಡಿಬಿಟ್ಟರೆ, ನನ್ನ ಬಾಯಲ್ಲಿ ಅವನಿಗೆ ಉಳಿಯುವುದು ಆ ನಗು ಒಂದೇ. ಅದು ಆಗಕೂಡದು ಅನ್ನಿಸಿತು. ಇಷ್ಟು ವಯಸ್ಸಿಗೆ ಒಂದು ವಿಷಯ ಆಗಕೂಡದು ಎಂದು ನನಗೆ ಅಷ್ಟು ಗಟ್ಟಿಯಾಗಿ ಅನ್ನಿಸಿದ್ದು ಕಡಿಮೆ.

ಒಳಗೆ ಹೋಗಿ ರೆಕಾರ್ಡಿಂಗ್ ಹೆಣ್ಣುಮಗಳನ್ನು ಕೇಳಿದೆ. "ಅವ್ವಾ, ಆ ಜಪಾನಿ ಅಜ್ಜಿ ಎಂಗ್ ಅಂದವ್ಳೆ, ಒಂದ್ಸಲ ಕೇಳಿಸ್ತೀಯಾ? ಚಿತ್ರ ಬ್ಯಾಡ, ದನಿ ಸಾಕು."

"ನೀವೇ ಬೇಡ ಅಂದಿದ್ರಲ್ಲ ಅಜ್ಜಿ?"

"ಅಂದಿದ್ದೆ ಕಣವ್ವ. ಅದೇ ತಪ್ಪಾಗೋಗಿರೋದು."

ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದೆ. ಆ ಹೆಂಗಸು ಅಳುತ್ತಿರಲಿಲ್ಲ! ದಿನಾ ಬೆಳಿಗ್ಗೆ ಬೈಯುವ ದನಿಯಲ್ಲೇ ಬೈಯುತ್ತಿದ್ದಳು. ಕೊನೆಯ ಮಾತು ಮಾತ್ರ ಚೂರು ಕೆಳಗಿಳಿದಿತ್ತು, ಪಾತ್ರೆ ಕೆಳಗಿಟ್ಟ ಹಾಗೆ. ಆಮೇಲೆ ತುಟಿ ನಡುಗುವ ಜಾಗ. ಅಲ್ಲಿ ಸದ್ದೇ ಇರಲಿಲ್ಲ. ಉಸಿರೂ ಇಲ್ಲ. ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ನನಗೆ ಆ ದನಿ ಪರಿಚಯದ್ದು ಅನ್ನಿಸಿತು.

ಮಕ್ಕಳೇ, ಇದನ್ನು ನಾನು ನಿಮ್ಮ ಅಮ್ಮನಿಗೂ ಹೇಳಿಲ್ಲ. ನಿಮ್ಮ ತಾತ ಗದ್ದೆಯಲ್ಲಿ ನೀರು ತಿರುಗಿಸುವಾಗ ಎದೆ ಹಿಡಿದುಕೊಂಡು ಬಿದ್ದವರು, ಮನೆಗೆ ಬಂದದ್ದು ನಾಲ್ಕು ಜನರ ಕೈಮೇಲೆ. ಚಾಪೆ ಹಾಸಿ ಮಲಗಿಸಿದರು. ಮೊಣಕಾಲವರೆಗೆ ಕೆಸರು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ರಾಗವಾಗಿ ಅಳುತ್ತಾರೆ, ಬಿಟ್ಟು ಹೋದೆಯಲ್ಲ ಎಂದು ಬೈದು ಬೈದು ಅಳುತ್ತಾರೆ. ನನ್ನ ಅತ್ತೆ ರಾಗ ತೆಗೆಯಲಿಲ್ಲ. ಮಗನ ಕಾಲಬಳಿ ಕೂತು, ದಿನಾ ಸಂಜೆ ಅನ್ನುವ ಹಾಗೇ, "ಕಾಲ್ ತೊಳ್ಕೊಂಡ್ ಮನೀಕಬಾರ್ದಾ ಮಗ. ನೋಡು, ಚಾಪೆ ಎಲ್ಲ ಕೆಸ್ರು ಮಾಡ್ಬುಟ್ಟೆ" ಎಂದರು. ಮುದುಕಿಗೆ ತಲೆ ಕೆಟ್ಟಿತು, ಅಳಿಸಿ ಎಂದು ಹೆಂಗಸರು ಗುಸುಗುಟ್ಟಿದರು. ನನಗೂ ಅತ್ತೆಯ ಮೇಲೆ ಸಿಟ್ಟು ಬಂತು. ಎಷ್ಟೋ ವರ್ಷ ಆ ಸಿಟ್ಟು ಇತ್ತು. ಹೆಡ್‌ಫೋನಿನೊಳಗೆ ಊರು ಹೆಸರು ಗೊತ್ತಿಲ್ಲದ ಒಬ್ಬಳು ಅದನ್ನೇ ಮಾಡುತ್ತಿದ್ದಳು.

ಎದ್ದು ನಿರ್ದೇಶಕರ ಮುಂದೆ ನಿಂತೆ. ನೆಲ ನೋಡುತ್ತಲೇ ಹೇಳಿದೆ.

"ಸಾ, ಅಳಾದ್ ಬ್ಯಾಡ. ದಿನಾ ಬೈಯೋ ಅಂಗೇ ಬೈತೀನಿ. ಎಮ್ಮೆ ಇಲ್ದೆ, ನಗು ಇಲ್ದೆ. ತುಟಿ ಅಲ್ಲಾಡೋ ಕಡೆ ಸುಮ್ಕಿರ್ತೀನಿ."

"ಬಾಯಿ ಖಾಲಿ ಬಿಡೋದಾ?"

"ಅವಳೂ ಬಿಟ್ಟವ್ಳೆ ಸಾ. ಕೇಳಿ ಬೇಕಾರೆ."

ಅವರು ಕೇಳಿದರು. ಹೆಡ್‌ಫೋನು ತೆಗೆದು ತಲೆ ಕೆರೆದುಕೊಂಡರು. "ಅಮ್ಮ, ಅಲ್ಲಿಯವರಿಗೆ ಸರಿ. ಅವರ ಅಜ್ಜಿ ಮೊದ್ಲಿಂದ ಹಂಗೇ ಮಾತಾಡಿದ್ದಾಳೆ. ನಾವು ನಮ್ಮ ಅಜ್ಜಿನ ಜೋಕರ್ ಮಾಡಿದೀವಿ. ನಿಮ್ಮ ಆ ದನಿ ಕೇಳಿದ್ರೆ ಸಾಕು, ಜನ ನಗ್ತಾರೆ. ಹುಡುಗ ಸತ್ತು ಬಿದ್ದಿರ್ತಾನೆ, ಮನೆಮನೆಲಿ ಮಕ್ಕಳು ನಗ್ತಿರ್ತಾರೆ. ಅಳು ಹಾಕಿದ್ರೆ ಅಷ್ಟಾದ್ರೂ ಗೊತ್ತಾಗತ್ತೆ, ಇದು ನಗೋ ಜಾಗ ಅಲ್ಲ ಅಂತ."

ಅವರ ಮಾತಿನಲ್ಲಿ ನ್ಯಾಯವಿತ್ತು. ಮೇಷ್ಟ್ರು ಕೂತಲ್ಲಿಂದಲೇ ಹೇಳಿದರು. "ನಗ್ಲಿ ಬಿಡಿ ಸಾರ್. ನಗೋಕ್ ಶುರು ಮಾಡಿದವರು ತಾವೇ ನಿಲ್ಲಿಸ್ಬೇಕು. ನಾವು ಅತ್ತು ನಿಲ್ಲಿಸೋದಲ್ಲ."

"ಯಾರೂ ನಿಲ್ಲಿಸ್ಲಿಲ್ಲ ಅಂದ್ರೆ?"

ಅದಕ್ಕೆ ನಾನೇ, "ನಿಲ್ಲಿಸ್ದೆ ಇದ್ರೆ ಮುಂದಿನ್ ಕಂತಿಗೂ ಆ ನಾಟಕದೋರ್ನೇ ಕರ್ಕಳಿ ಸಾ. ನಾನ್ ಬರಕಿಲ್ಲ" ಎಂದೆ. ಅದು ನನ್ನ ಬಾಯಿಂದ ಹೇಗೆ ಬಂತೋ ಈಗಲೂ ತಿಳಿಯದು. ನಿರ್ದೇಶಕರು ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿ, "ಒಂದೇ ಟೇಕು" ಎಂದರು.

ಮೈಕಿನ ಮುಂದೆ ನಿಂತಾಗ ರೈಲು ಬಂತು. ಅದು ಹೋಗುವವರೆಗೆ ಕಾದೆವು. ಕಾಯುವಾಗ ಆ ಹುಡುಗನ ಮುಖ ನೋಡಿದೆ, ಈ ಸಲ ಚಿತ್ರ ಪೂರ್ತಿ ತೆರೆದಿತ್ತು. ಕಿವಿಯಲ್ಲಿ ಜಪಾನಿ ಅಜ್ಜಿಯ ದನಿಯನ್ನೂ ಹಾಕಿಸಿಕೊಂಡಿದ್ದೆ. ಅವಳ ಭಾಷೆ ಈಗ ಗುಯ್ ಎನ್ನಲಿಲ್ಲ. ಅವಳ ಜೊತೆ ಹೆಜ್ಜೆ ಹಾಕಿದೆ.

"ಎದ್ದೇಳ್ಲಾ. ಒತ್ತು ನೆತ್ತಿಗ್ ಬಂತು. ಇಟ್ಟು ಆರೋಯ್ತದೆ."

ತುಟಿ ನಡುಗಿತು. ಮುನ್ನೂರು ಕಂತಿನ ಅಭ್ಯಾಸ, ಗಂಟಲಿನಲ್ಲಿ ನಗು ತಾನಾಗಿ ಎದ್ದು ನಿಂತಿತು. ಹಲ್ಲು ಕಚ್ಚಿ ತಡೆದೆ. ಸುಮ್ಮನಿರುವುದಕ್ಕೆ ಅಷ್ಟು ಶಕ್ತಿ ಬೇಕೆಂದು ನನಗೆ ತಿಳಿದಿರಲಿಲ್ಲ. ಚಿತ್ರ ಕಪ್ಪಾದ ಮೇಲೂ ಗಾಜಿನ ಆಚೆಯಿಂದ ಓಕೆ ಬರಲಿಲ್ಲ. ತಲೆಯೆತ್ತಿ ನೋಡಿದರೆ ನಿರ್ದೇಶಕರು ಆ ಕಡೆ ತಿರುಗಿ ನಿಂತು ಮೈಸೂರಿಗೆ ಫೋನು ಮಾಡುತ್ತಿದ್ದರು. ಆ ನಾಟಕದವರಿಗೆ, ಬರುವುದು ಬೇಡ ಎಂದು ಹೇಳಲು.

ಐದಕ್ಕೆ ಮೊದಲು ಕಂತು ಹೋಯಿತು. ತಪಾಸಣೆಯವರು ಏನೂ ಕೇಳಲಿಲ್ಲ. ಆದರೆ ನಿರ್ದೇಶಕರ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿ ಊರಿಗೆ ಬಂತು. ಯಾರೂ ನಿಲ್ಲಿಸದಿದ್ದರೆ? ಅಡುಗೆ ಮಾಡುವಾಗ, ಹಸುವಿಗೆ ಹುಲ್ಲು ಹಾಕುವಾಗ ಅದೇ.

ಭಾನುವಾರ ನಿಮ್ಮ ಮನೆಗೆ ಬಂದದ್ದು ನಿಮ್ಮನ್ನು ನೋಡಲು ಎಂದು ನಿಮ್ಮ ಅಮ್ಮ ತಿಳಿದಳು. ನಿಜ ಹೇಳಬೇಕೆಂದರೆ ನಿಮ್ಮ ನಗು ನೋಡಲು ಬಂದಿದ್ದೆ. ನಿಮ್ಮ ಹಿಂದೆ ಗೋಡೆಗೆ ಒರಗಿ ಕೂತೆ. ಹಿಮ ಬಿತ್ತು. ಅಜ್ಜಿ ಕಂಡಳು. ಅವಳು ಬಾಯಿ ತೆರೆದಳು, "ಎದ್ದೇಳ್ಲಾ" ಎಂಬ ನನ್ನ ದನಿ ಬಂತು, ಚಿಕ್ಕವಳು ಎಂದಿನಂತೆ ಕಿಲಕಿಲ ನಕ್ಕಳು. ಒತ್ತು ನೆತ್ತಿಗ್ ಬಂತು ಎಂದಾಗಲೂ ನಗುತ್ತಿದ್ದಳು. ಇಟ್ಟು ಆರೋಯ್ತದೆ ಎಂದಿತು ಟೀವಿ. ಆಮೇಲೆ ಸದ್ದಿಲ್ಲದೆ ಆ ತುಟಿ. ನಗು ನಡುವೆಯೇ ನಿಂತಿತು. ಬಾಯಿ ಇನ್ನೂ ತೆರೆದೇ ಇತ್ತು, ನಗು ಮಾತ್ರ ಇರಲಿಲ್ಲ.

ದೊಡ್ಡವಳು ಮುಖ ಆ ಕಡೆ ತಿರುಗಿಸಿಕೊಂಡಳು. ಚಿಕ್ಕವಳು ಹಿಂದೆ ತಿರುಗಿ ಟೀವಿ ಬಿಟ್ಟು ನನ್ನನ್ನೇ ನೋಡಿದಳು.

"ಅಜ್ಜಿ, ಅವನು ಏಳ್ತಾನಾ?"

ಅದಕ್ಕೆ ಯಾರೂ ಉತ್ತರ ಬರೆದುಕೊಟ್ಟಿರಲಿಲ್ಲ. "ಇಲ್ಲ ಕಣವ್ವ, ಏಳಕಿಲ್ಲ" ಎಂದೆ. ಅವಳು ಬಂದು ನನ್ನ ತೊಡೆಯ ಮೇಲೆ ಕೂತಳು. ಟೀವಿಯಲ್ಲಿ ಯಾವುದೋ ಸೋಪಿನ ಹಾಡು ಶುರುವಾಯಿತು, ದೊಡ್ಡವಳು ಎದ್ದು ಹೋಗಿ ಅದನ್ನು ಆರಿಸಿದಳು.